ನಾಲ್ವರ ದಂಡು, ಸಾವಿರದ ಹಿಂಡು

2008ರ ನವೆಂಬರ್‌ನಲ್ಲಿ, ಹನ್ನೆರಡು ದಿನಗಳ ಒಳಗೆ, ಅಮೆರಿಕದ ಅಂಗಡಿಗಳಿಗೆ ಮೂರು ವಿಡಿಯೊ ಗೇಮ್‌ಗಳು ಬಂದವು. 7ರಂದು ಎಪಿಕ್ ಗೇಮ್ಸ್‌ನ ‘ಗಿಯರ್ಸ್ ಆಫ್ ವಾರ್ 2’, 11ರಂದು ಟ್ರೆಯಾರ್ಕ್‌ನ ‘ಕಾಲ್ ಆಫ್ ಡ್ಯೂಟಿ: ವರ್ಲ್ಡ್ ಅಟ್ ವಾರ್’, ಮರುವಾರ ವಾಲ್ವ್‌ನ ‘ಲೆಫ್ಟ್ 4 ಡೆಡ್’. ಮೊದಲನೆಯದರಲ್ಲಿ ‘ಹೋರ್ಡ್’ ಎಂಬ ಹೊಸ ವಿಭಾಗವಿತ್ತು: ಐವರು ಆಟಗಾರರು, ಐವತ್ತು ಸುತ್ತು, ಒಂದಕ್ಕಿಂತ ಒಂದು ದೊಡ್ಡದಾಗುತ್ತ ನುಗ್ಗುವ ಶತ್ರುಗಳ ಅಲೆ. ಎರಡನೆಯದು ಎರಡನೇ ಮಹಾಯುದ್ಧದ ಕಥೆ. ಆ ಕಥೆಯನ್ನು ಆಡಿ ಮುಗಿಸಿದವರ ಮುಂದೆ, ಯಾರೂ ನಿರೀಕ್ಷಿಸದ ಒಂದು ಪಾಳುಮನೆ ತೆರೆದುಕೊಳ್ಳುತ್ತಿತ್ತು. ಅದರ ಕಿಟಕಿಗಳನ್ನು ಮುರಿದು ಒಳಬರುತ್ತಿದ್ದವರು ಸತ್ತ ನಾಜಿ ಸೈನಿಕರು. ಮೂರನೆಯದರಲ್ಲಿ ಬೇರೆ ಕಥೆಯೇ ಇರಲಿಲ್ಲ. ನಾಲ್ಕು ಜನ, ಒಂದು ಸತ್ತ ಊರು, ಅದನ್ನು ದಾಟಿ ಹೋಗಬೇಕು, ಅಷ್ಟೆ.

ಮೂರೂ ತಂಡಗಳು ಬೇರೆಬೇರೆ ಕಡೆ ಕೂತು ವರ್ಷಗಟ್ಟಲೆ ಕೆಲಸ ಮಾಡಿದ್ದವು. ಆದರೂ ಮೂವರೂ ಬಂದು ನಿಂತದ್ದು ಒಂದೇ ಜಾಗಕ್ಕೆ: ಆಟಗಾರರು ಪರಸ್ಪರ ಕೊಲ್ಲುವುದನ್ನು ಬಿಟ್ಟು ಒಂದೇ ಕಡೆ ನಿಂತು, ಲೆಕ್ಕವಿಲ್ಲದಷ್ಟು ಶತ್ರುಗಳನ್ನು ಎದುರಿಸುವುದು. ಗೇಮಿಂಗ್ ಲೋಕದಲ್ಲಿ ಕೋ-ಆಪ್ ಜಾಂಬಿ ಶೂಟರ್ ಎಂದು ಕರೆಸಿಕೊಳ್ಳುವ ಬಗೆ ಬಲವಾಗಿ ಬೇರೂರಿದ್ದು ಆ ತಿಂಗಳಲ್ಲಿ. ಅಲ್ಲಿಂದೀಚೆಗೆ ಬಂದ ಇಂಥ ಆಟಗಳನ್ನು ಸಾಲಾಗಿ ಇಟ್ಟು ನೋಡಿದರೆ ಒಂದು ವಿಷಯ ಎದ್ದು ಕಾಣುತ್ತದೆ. ಜಾಂಬಿಗಳು ಎಲ್ಲದರಲ್ಲೂ ಹೆಚ್ಚುಕಡಿಮೆ ಒಂದೇ. ಆಟದಿಂದ ಆಟಕ್ಕೆ ಬದಲಾದದ್ದು, ಗುಂಪು ಬಿಟ್ಟು ಒಬ್ಬನೇ ಮುಂದೆ ಓಡುವ ಆಟಗಾರನನ್ನು ಕಟ್ಟಿಹಾಕುವ ಉಪಾಯ.

ಜಾಂಬಿಯೇ ಏಕೆ ಎಂಬ ಪ್ರಶ್ನೆಗೆ ಉತ್ತರ ಹುಡುಕಿದರೆ 1968ರ ಪಿಟ್ಸ್‌ಬರ್ಗ್‌ಗೆ ಹೋಗಬೇಕಾಗುತ್ತದೆ. ಆ ಊರಿನ ಸುತ್ತಮುತ್ತ ಜಾರ್ಜ್ ರೊಮೆರೊ ಅಲ್ಪ ಹಣದಲ್ಲಿ ‘ನೈಟ್ ಆಫ್ ದ ಲಿವಿಂಗ್ ಡೆಡ್’ ಎಂಬ ಕಪ್ಪುಬಿಳುಪು ಚಿತ್ರ ತೆಗೆದರು. ಬಿಡುಗಡೆಗೆ ಮುನ್ನ ವಿತರಕರು ಚಿತ್ರದ ಹೆಸರು ಬದಲಿಸಿದರು. ಹೊಸ ಹೆಸರಿನ ಫಲಕದಲ್ಲಿ ಕಾಪಿರೈಟ್ ಸೂಚನೆ ಹಾಕುವುದು ಮರೆತುಹೋಯಿತು. ಆಗಿನ ಅಮೆರಿಕದ ಕಾನೂನಿನಲ್ಲಿ ಆ ಒಂದು ಸಾಲು ಇಲ್ಲದಿದ್ದರೆ ಹಕ್ಕೂ ಇಲ್ಲ. ಹೀಗಾಗಿ ಚಿತ್ರ ಯಾರು ಬೇಕಾದರೂ ತೋರಿಸಬಹುದಾದ ಸಾರ್ವಜನಿಕ ಸ್ವತ್ತಾಯಿತು. ಹೆಣಗಳು ಎದ್ದು ಬಂದು ಬದುಕಿದವರನ್ನು ಮನೆಯೊಂದರಲ್ಲಿ ಮುತ್ತುವ ಕಲ್ಪನೆಗೆ ಒಡೆಯರೇ ಇಲ್ಲದಂತಾಯಿತು. ಹತ್ತು ವರ್ಷಗಳ ನಂತರ, ‘ಡಾನ್ ಆಫ್ ದ ಡೆಡ್’ ಚಿತ್ರದಲ್ಲಿ ರೊಮೆರೊ ನಾಲ್ಕು ಜನರನ್ನು ಮನ್ರೊವಿಲ್‌ನ ಶಾಪಿಂಗ್ ಮಾಲ್ ಒಂದರಲ್ಲಿ ಕೂಡಿಹಾಕಿದರು. ಇಬ್ಬರು ಪೊಲೀಸರು, ಒಬ್ಬ ಹೆಲಿಕಾಪ್ಟರ್ ಚಾಲಕ, ಒಬ್ಬಳು ಟಿವಿ ಉದ್ಯೋಗಿ. ನಾಲ್ವರ ದಂಡಿನ ಲೆಕ್ಕ ಅಲ್ಲೇ ಇದೆ. ರೊಮೆರೊ ಚಿತ್ರಗಳಲ್ಲಿ ಜನ ಸಾಯುವುದು ಹೆಚ್ಚಾಗಿ ತಮ್ಮತಮ್ಮಲ್ಲಿ ಹೊಂದಿಕೊಳ್ಳಲಾಗದೆ. ಆಟ ಕಟ್ಟಿದವರಿಗೆ ಬೇಕಾಗಿದ್ದದ್ದೂ ಇದೇ ಬಿಕ್ಕಟ್ಟು.

ಕಂಪ್ಯೂಟರ್‌ನ ಕಡೆಯಿಂದ ನೋಡಿದರೆ ಕಾರಣ ಇನ್ನೂ ಸರಳ. ಬಂದೂಕು ಹಿಡಿದ ಶತ್ರು ಮರೆ ಹುಡುಕಬೇಕು, ಗುರಿಯಿಡಬೇಕು, ಹಿಂದೆ ಸರಿಯಬೇಕು. ಇಷ್ಟನ್ನೆಲ್ಲ ಯಂತ್ರಕ್ಕೆ ಕಲಿಸುವುದು ಕಷ್ಟ. ಕಲಿಸಿದರೂ ಒಂದೇ ಸಲ ಹತ್ತಾರು ಮಂದಿಯನ್ನು ನಡೆಸುವುದು ದುಬಾರಿ. ಜಾಂಬಿಗೆ ಬುದ್ಧಿ ಇರಬೇಕಾಗಿಲ್ಲ. ಎದುರಿಗಿರುವವರತ್ತ ನೇರ ಬಂದರೆ ಸಾಕು. ದಡ್ಡನಾಗಿದ್ದರೂ ನೋಡುವವರಿಗೆ ಅದು ಆಟದ ದೋಷ ಎನ್ನಿಸುವುದಿಲ್ಲ.

ಹಿಂಡನ್ನು ಎದುರಿಸುವ ಗುಂಪಿನ ಆಟ ಜಾಂಬಿಗಿಂತ ಹಳೆಯದು. 1985ರಲ್ಲಿ ಅಟಾರಿ ಗೇಮ್ಸ್ ಹೊರತಂದ ‘ಗಾಂಟ್ಲೆಟ್’ ಎಂಬ ಆರ್ಕೇಡ್ ಯಂತ್ರದ ಮುಂದೆ ನಾಲ್ವರು ಹೆಗಲಿಗೆ ಹೆಗಲು ತಾಗಿಸಿ ನಿಲ್ಲುತ್ತಿದ್ದರು. ಎಡ್ ಲಾಗ್ ರೂಪಿಸಿದ ಆ ಆಟದಲ್ಲಿ ದೆವ್ವಗಳು ಗೂಡುಗಳಿಂದ ಹುಟ್ಟಿ ಬರುತ್ತಲೇ ಇರುತ್ತಿದ್ದವು. ಗೂಡನ್ನೇ ಒಡೆಯುವವರೆಗೆ ನಿಲ್ಲುತ್ತಿರಲಿಲ್ಲ. ಆಯಸ್ಸು ಕ್ಷಣಕ್ಷಣಕ್ಕೂ ಕರಗುತ್ತಿತ್ತು. ನೆಲದ ಮೇಲೆ ಸಿಗುವ ಊಟವನ್ನು ಯಾರು ತಿನ್ನಬೇಕು ಎಂಬ ಜಗಳ ಪ್ರತಿ ಸುತ್ತಿನಲ್ಲೂ ಏಳುತ್ತಿತ್ತು. ಗುರಿ ತಪ್ಪಿದ ಬಾಣ ಊಟಕ್ಕೆ ಬಿದ್ದರೆ ಅದು ಯಾರಿಗೂ ಇಲ್ಲ. ಇನ್ನೂ ಬೇಕೆಂದರೆ ಇನ್ನೊಂದು ನಾಣ್ಯ. 1993ರ ಡಿಸೆಂಬರ್‌ನಲ್ಲಿ ಬಂದ ಐಡಿ ಸಾಫ್ಟ್‌ವೇರ್‌ನ ‘ಡೂಮ್’ ಇದನ್ನು ಕಂಪ್ಯೂಟರ್‌ಗಳ ಜಾಲಕ್ಕೆ ತಂದಿತು. ನಾಲ್ವರು ನಾಲ್ಕು ಪರದೆಗಳ ಮುಂದೆ ಕೂತು ಒಂದೇ ಕೋಟೆಯೊಳಗೆ ಓಡಾಡಬಹುದಿತ್ತು. ಆದರೆ ಅದರಲ್ಲಿ ಒಬ್ಬರಿಗೆ ಒಬ್ಬರು ಬೇಕೇಬೇಕು ಎಂಬ ಒತ್ತಾಯವಿರಲಿಲ್ಲ. ಚುರುಕಾದವನು ಮುಂದೆ ಓಡಿ ಎಲ್ಲವನ್ನೂ ಮುಗಿಸಿಬಿಡುತ್ತಿದ್ದ. ಉಳಿದವರು ಖಾಲಿ ಕೋಣೆಗಳನ್ನು ನೋಡುತ್ತ ಹಿಂದೆ ಬರುತ್ತಿದ್ದರು.

ಸೆಗಾ ಕಂಪನಿ ಈ ತೊಂದರೆಯಿಂದ ಬೇರೆಯೇ ರೀತಿಯಲ್ಲಿ ತಪ್ಪಿಸಿಕೊಂಡಿತು. 1990ರ ದಶಕದ ಉತ್ತರಾರ್ಧದಲ್ಲಿ ಬಂದ ಅದರ ‘ದ ಹೌಸ್ ಆಫ್ ದ ಡೆಡ್’ ಯಂತ್ರದಲ್ಲಿ ಇಬ್ಬರಿಗೆ ಎರಡು ಪ್ಲಾಸ್ಟಿಕ್ ಬಂದೂಕು. ನಡೆಯುವ ಕೆಲಸವೇ ಆಟಗಾರರದಲ್ಲ. ಹಳಿಯ ಮೇಲೆ ಹೋದಂತೆ ಆಟವೇ ಇಬ್ಬರನ್ನೂ ಬಂಗಲೆಯೊಳಗೆ ಕರೆದೊಯ್ಯುತ್ತಿತ್ತು. ಒಬ್ಬ ಇನ್ನೊಬ್ಬನನ್ನು ಬಿಟ್ಟುಹೋಗಲು ಸಾಧ್ಯವೇ ಇರಲಿಲ್ಲ. ಅದೇ ಹೊತ್ತಿಗೆ ಕ್ಯಾಪ್ಕಾಮ್‌ನ ‘ರೆಸಿಡೆಂಟ್ ಈವಿಲ್’ 1996ರಲ್ಲಿ ಬಂದು ಜಾಂಬಿಯನ್ನು ಮನೆಮನೆಯ ಟಿವಿಗೆ ತಂದಿತಾದರೂ ಅದು ಒಬ್ಬರೇ ಹೆದರುತ್ತ ಆಡುವ ಆಟ.

ಕ್ಯಾಪ್ಕಾಮ್ 2003ರ ಕೊನೆಗೆ ಜಪಾನ್‌ನಲ್ಲಿ ‘ರೆಸಿಡೆಂಟ್ ಈವಿಲ್ ಔಟ್‌ಬ್ರೇಕ್’ ಬಿಡುಗಡೆ ಮಾಡಿ, ನಾಲ್ವರನ್ನು ಇಂಟರ್ನೆಟ್ ಮೂಲಕ ಒಂದೇ ಊರಿನಲ್ಲಿ ಸೇರಿಸಿತು. ಕಾಲಕ್ಕಿಂತ ಮುಂದಿದ್ದ ಕೂಸು ಅದು. ಪ್ಲೇಸ್ಟೇಷನ್ 2ರಲ್ಲಿ ಆಡುತ್ತಿದ್ದ ನಾಲ್ವರಿಗೂ ಪರಸ್ಪರ ಮಾತಾಡಲು ಮೈಕ್ ಇರಲಿಲ್ಲ. ಗುಂಡಿ ಒತ್ತಿದರೆ ಪಾತ್ರ ಸಹಾಯ ಕೇಳುತ್ತದೆ, ಬಾ ಎನ್ನುತ್ತದೆ, ಹೋಗು ಎನ್ನುತ್ತದೆ, ಜೊತೆಗಾರನ ಹೆಸರು ಕೂಗುತ್ತದೆ. ಅಷ್ಟರಲ್ಲೇ ಎಲ್ಲ ಸಂಸಾರ ನಡೆಯಬೇಕು. ಯುರೋಪ್‌ಗೆ ಹೋದ ಆವೃತ್ತಿಯಲ್ಲಂತೂ ಆನ್‌ಲೈನ್ ಆಟವೇ ಇರಲಿಲ್ಲ. ಇತ್ತ 2002ರ ನವೆಂಬರ್‌ನಲ್ಲಿ ಆರಂಭವಾದ ಮೈಕ್ರೊಸಾಫ್ಟ್‌ನ ಎಕ್ಸ್‌ಬಾಕ್ಸ್ ಲೈವ್ ಸೇವೆ, ಚಂದಾ ಪೆಟ್ಟಿಗೆಯ ಜೊತೆಗೇ ಒಂದು ಹೆಡ್‌ಸೆಟ್ ಕೊಡುತ್ತಿತ್ತು. ಐದಾರು ವರ್ಷಗಳಲ್ಲಿ ಬ್ರಾಡ್‌ಬ್ಯಾಂಡ್ ಹಬ್ಬಿ, ಬೇರೆಬೇರೆ ಮನೆಗಳಲ್ಲಿ ಕೂತವರು ಆಡುತ್ತಲೇ ಹರಟುವುದು ಸಹಜವಾಯಿತು. 2008ರ ನವೆಂಬರ್ ಬರುವ ಹೊತ್ತಿಗೆ ನೆಲ ಹದವಾಗಿತ್ತು.

‘ಲೆಫ್ಟ್ 4 ಡೆಡ್’ ಹುಟ್ಟಿದ್ದು ಬೇಸರ ಕಳೆಯಲು ಆಡಿದ ಆಟದಿಂದ. ಕ್ಯಾಲಿಫೋರ್ನಿಯಾದಲ್ಲಿ ಮೈಕ್ ಬೂತ್ ಕಟ್ಟಿದ್ದ ಟರ್ಟಲ್ ರಾಕ್ ಸ್ಟುಡಿಯೋಸ್ ಎಂಬ ಸಣ್ಣ ಕಂಪನಿ, ‘ಕೌಂಟರ್-ಸ್ಟ್ರೈಕ್’ ಆಟಕ್ಕೆ ಬಾಟ್‌ಗಳನ್ನು, ಅಂದರೆ ಮನುಷ್ಯರ ಬದಲು ಆಡುವ ಕಂಪ್ಯೂಟರ್ ಆಟಗಾರರನ್ನು, ತಯಾರಿಸಿಕೊಟ್ಟಿತ್ತು. ಕೆಲಸದ ನಡುವೆ ಅವರು ಬಾಟ್‌ಗಳ ಕೈಯಿಂದ ಬಂದೂಕು ಕಿತ್ತು ಬರೀ ಚಾಕು ಕೊಟ್ಟು, ಸಂಖ್ಯೆ ಹೆಚ್ಚಿಸಿ, ತಾವು ಮೂರುನಾಲ್ಕು ಜನ ಬಂದೂಕು ಹಿಡಿದು ನಿಲ್ಲುತ್ತಿದ್ದರು. ಬಾಟ್‌ಗಳು ಎಲ್ಲ ಮೂಲೆಗಳಿಂದಲೂ ನುಗ್ಗುತ್ತಿದ್ದವು. ತಾವು ಮಾಡಬೇಕಾದ ಆಟ ಇದೇ ಎಂದು ತಂಡಕ್ಕೆ ಹೊಳೆಯಿತು. 2008ರ ಆರಂಭದಲ್ಲಿ ವಾಲ್ವ್ ಆ ಕಂಪನಿಯನ್ನೇ ಕೊಂಡಿತು; ವರ್ಷ ಮುಗಿಯುವುದರೊಳಗೆ ಆಟ ಹೊರಬಂತು.

ಅದರ ನಾಲ್ವರು ಪಾತ್ರಗಳು ರೊಮೆರೊ ಚಿತ್ರದಿಂದ ಎದ್ದು ಬಂದಂತಿದ್ದರು: ವಿಯೆಟ್ನಾಂ ಯುದ್ಧ ಕಂಡ ಮುದುಕ ಬಿಲ್, ಬೈಕ್ ಗ್ಯಾಂಗಿನ ಫ್ರಾನ್ಸಿಸ್, ಕಾಲೇಜು ಹುಡುಗಿ ಜೋಯಿ, ಆಫೀಸಿನ ಟೈ ಬಿಚ್ಚದ ಲೂಯಿಸ್. ಪ್ರತಿ ಅಧ್ಯಾಯಕ್ಕೂ ಒಂದೊಂದು ಸಿನಿಮಾ ಪೋಸ್ಟರ್. ಆದರೆ ಇಲ್ಲಿನ ಜಾಂಬಿಗಳು ರೊಮೆರೊನ ಜಾಂಬಿಗಳಂತೆ ಕಾಲೆಳೆದು ನಡೆಯುತ್ತಿರಲಿಲ್ಲ, ಓಡುತ್ತಿದ್ದವು. ಡ್ಯಾನಿ ಬಾಯ್ಲ್ 2002ರ ‘28 ಡೇಸ್ ಲೇಟರ್’ ಚಿತ್ರದಲ್ಲಿ ಓಡುವ ರೋಗಿಗಳನ್ನು ತೋರಿಸಿದ್ದರು. ಬಂದೂಕು ಹಿಡಿದು ಓಡಬಲ್ಲ ಆಟಗಾರನಿಗೆ ಅಂಥವರೇ ಸರಿಸಾಟಿ.

ನಿಜವಾದ ಹೊಸತನ ಕಣ್ಣಿಗೆ ಕಾಣದ ಕಡೆ ಇತ್ತು. ‘ಡೈರೆಕ್ಟರ್’ ಎಂಬ ಹೆಸರಿನ ಒಂದು ವ್ಯವಸ್ಥೆ ಆಟದುದ್ದಕ್ಕೂ ನಾಲ್ವರನ್ನೂ ಗಮನಿಸುತ್ತಿತ್ತು. ಯಾರಿಗೆ ಎಷ್ಟು ಪೆಟ್ಟು ಬಿತ್ತು, ಯಾರು ನೆಲಕ್ಕುರುಳಿದರು, ಜಾಂಬಿಗಳನ್ನು ಎಷ್ಟು ಹತ್ತಿರದಿಂದ ಹೊಡೆಯಬೇಕಾಯಿತು ಎಂಬುದರಿಂದ ಪ್ರತಿಯೊಬ್ಬರ ಒತ್ತಡವನ್ನು ಅಂದಾಜಿಸಿ ಲೆಕ್ಕ ಇಡುತ್ತಿತ್ತು. ಒತ್ತಡ ತುದಿ ಮುಟ್ಟಿದ ಮೇಲೆ ಮೂರರಿಂದ ಐದು ಸೆಕೆಂಡ್ ಅದೇ ಬಿರುಸು. ಆಮೇಲೆ ಹಿಂಡು ತೆಳುವಾಗುತ್ತದೆ. ನಂತರ 30ರಿಂದ 45 ಸೆಕೆಂಡ್ ಬಿಡುವು, ಇಲ್ಲವೇ ತಂಡ ಸಾಕಷ್ಟು ಮುಂದೆ ಹೋಗುವವರೆಗೆ. ಮತ್ತೆ ಏರಿಕೆ. ಯಕ್ಷಗಾನದ ಭಾಗವತ ವೇಷಧಾರಿಯ ದಣಿವನ್ನೂ ಹುರುಪನ್ನೂ ನೋಡಿಕೊಂಡು ಕಾಲ ಏರಿಸಿ ಇಳಿಸುವಂಥ ಕೆಲಸ ಇದು. ಗೋಡೆಯ ಹಾಗೆ ಎದುರು ನಿಲ್ಲುವ ದೈತ್ಯ ‘ಟ್ಯಾಂಕ್’ ಮತ್ತು ಮೂಲೆಯಲ್ಲಿ ಅಳುತ್ತ ಕೂರುವ ‘ವಿಚ್’ ಮಾತ್ರ ಈ ಏರಿಳಿತದ ಹೊರಗೆ. ಅವು ಎದುರಾಗುವಾಗ ಯಾರ ದಣಿವನ್ನೂ ಕೇಳುವುದಿಲ್ಲ. ಗುಂಡು, ಮಾತ್ರೆ, ಔಷಧದ ಪೆಟ್ಟಿಗೆ ಎಲ್ಲಿ ಸಿಗಬೇಕೆಂಬುದನ್ನೂ ಡೈರೆಕ್ಟರ್ ನಿರ್ಧರಿಸುತ್ತದೆ. ಹಾಗಾಗಿ ಒಂದೇ ಆಸ್ಪತ್ರೆಯ ಮೆಟ್ಟಿಲನ್ನು ನೂರು ಸಲ ಹತ್ತಿದರೂ ನೂರೊಂದನೆಯ ಸಲ ಏನಾಗುತ್ತದೆಂದು ಹೇಳಲಾಗುವುದಿಲ್ಲ. ಬೂತ್ 2009ರಲ್ಲಿ ಈ ಲೆಕ್ಕಾಚಾರವನ್ನೆಲ್ಲ ಬಿಡಿಸಿಟ್ಟು ಉಪನ್ಯಾಸ ಕೊಟ್ಟರು. ಆಮೇಲೆ ಬಂದ ಎಷ್ಟೋ ಆಟಗಳು ಅದನ್ನು ಪಾಠದಂತೆ ಓದಿಕೊಂಡವು.

ಒಂಟಿ ಓಟಗಾರನಿಗೆ ಶಿಕ್ಷೆ ಕೊಡಲು ಬೇರೆ ವ್ಯವಸ್ಥೆ ಇತ್ತು. ‘ಹಂಟರ್’ ಮೇಲೆ ಹಾರಿ ಕೆಡವಿದರೆ, ಕೆಳಗೆ ಬಿದ್ದವನು ಎಷ್ಟೇ ನಿಪುಣನಾದರೂ ತಾನಾಗಿ ಬಿಡಿಸಿಕೊಳ್ಳಲಾರ. ‘ಸ್ಮೋಕರ್’ ಉದ್ದ ನಾಲಿಗೆಯಿಂದ ಸುತ್ತಿ ಎಳೆದುಕೊಂಡು ಹೋದರೂ ಜೊತೆಗಾರರೇ ಬಂದು ಬಿಡಿಸಬೇಕು. ಜೀವ ಸೋರಿ ನೆಲಕ್ಕೆ ಬಿದ್ದವನನ್ನು ಇನ್ನೊಬ್ಬ ಕೈಹಿಡಿದು ಎತ್ತಬೇಕು. ಸತ್ತವನು ಮುಂದೆ ಯಾವುದೋ ಮುಚ್ಚಿದ ಕೋಣೆಯಲ್ಲಿ ಕಾಯುತ್ತಿರುತ್ತಾನೆ. ಬದುಕಿರುವವರು ಬಾಗಿಲು ತೆರೆದರೆ ಉಂಟು. ಗೋಡೆಯ ಆಚೆ ಇದ್ದರೂ ಗೆಳೆಯರ ಮೈಯ ಅಂಚು ಹೊಳೆಯುತ್ತ ಕಾಣುವಂತೆ ಮಾಡಿದ್ದು ಸಣ್ಣ ಉಪಾಯವೆನಿಸಿದರೂ, ಯಾರು ಎಲ್ಲಿದ್ದಾರೆ ಎಂಬ ಗೊಂದಲವನ್ನು ಅದು ಒಂದೇ ಏಟಿಗೆ ತೆಗೆದುಹಾಕಿತು.

ಆಟಗಾರರೂ ಸುಮ್ಮನಿರಲಿಲ್ಲ. ಅಗಲಿದರೆ ಸಾವು ಎಂದು ಗೊತ್ತಾದ ಮೇಲೆ ನಾಲ್ವರೂ ಒಂದು ಮೂಲೆಗೆ ಬೆನ್ನು ಕೊಟ್ಟು ನಿಂತು ಬಂದದ್ದನ್ನೆಲ್ಲ ಹೊಡೆಯತೊಡಗಿದರು. ಅದಕ್ಕೆ ಉತ್ತರವಾಗಿ, ಸರಿಯಾಗಿ ಒಂದು ವರ್ಷಕ್ಕೆ, 2009ರ ನವೆಂಬರ್ 17ರಂದು ಬಂದ ‘ಲೆಫ್ಟ್ 4 ಡೆಡ್ 2’ರಲ್ಲಿ ಆಮ್ಲ ಉಗುಳುವ ‘ಸ್ಪಿಟರ್’ ಇತ್ತು. ಮೂಲೆಯಲ್ಲಿ ಗುಂಪಾಗಿ ನಿಂತವರ ಕಾಲಬುಡವೇ ಸುಡತೊಡಗಿತು. ಗೂಳಿಯಂತೆ ನುಗ್ಗಿ ಒಬ್ಬನನ್ನು ಹೊತ್ತೊಯ್ಯುವ ‘ಚಾರ್ಜರ್’, ಹೆಗಲೇರಿ ಬೇಕಾದತ್ತ ತಿರುಗಿಸುವ ‘ಜಾಕಿ’ ಕೂಡ ಸೇರಿಕೊಂಡವು. ಮೊದಲ ಆಟ ಅಗಲಿದವರನ್ನು ಕೊಂದರೆ ಎರಡನೆಯದು ಅಂಟಿಕೊಂಡವರನ್ನೂ ಬಿಡಲಿಲ್ಲ.

ಆ ಎರಡನೇ ಆಟಕ್ಕೆ ಸ್ವಾಗತ ಸುಲಭವಾಗಿ ಸಿಕ್ಕಿರಲಿಲ್ಲ. ಮೊದಲನೆಯದಕ್ಕೆ ಏಳು ತಿಂಗಳೂ ತುಂಬದೆ ಹೊಸದನ್ನು ಘೋಷಿಸಿದ್ದಕ್ಕೆ ಸಿಟ್ಟಾದ ಹತ್ತಾರು ಸಾವಿರ ಅಭಿಮಾನಿಗಳು ಬಹಿಷ್ಕಾರದ ಕೂಟ ಕಟ್ಟಿದರು. ವಾಲ್ವ್ ಅದರ ಮುಂದಾಳುಗಳಿಬ್ಬರನ್ನು ವಾಷಿಂಗ್ಟನ್ ರಾಜ್ಯದ ತನ್ನ ಕಚೇರಿಗೇ ಕರೆಸಿಕೊಂಡು ಹೊಸ ಆಟ ಆಡಿಸಿತು. ಆಸ್ಟ್ರೇಲಿಯಾದಲ್ಲಿ ತೊಡಕು ಬೇರೆ ಬಗೆಯದು. ಅಲ್ಲಿ ಗೇಮ್‌ಗಳಿಗೆ ವಯಸ್ಕರ ಪ್ರಮಾಣಪತ್ರವೇ ಆಗ ಇರಲಿಲ್ಲವಾದ್ದರಿಂದ ರಕ್ತ ತಗ್ಗಿಸಿದ ಆವೃತ್ತಿಗಷ್ಟೇ ಅನುಮತಿ ಸಿಕ್ಕಿತು. ಕತ್ತರಿಸದ ಆಟಕ್ಕೆ ಒಪ್ಪಿಗೆ ಬಂದದ್ದು 2014ರಲ್ಲಿ.

2010ರಲ್ಲಿ ಸೇರಿಸಿದ ‘ದ ಸ್ಯಾಕ್ರಿಫೈಸ್’ ಎಂಬ ಭಾಗ ಈ ಬಗೆಯ ಆಟದ ತರ್ಕವನ್ನು ಅದರ ತುದಿಗೆ ಒಯ್ದಿತು. ಕೊನೆಯ ದೃಶ್ಯದಲ್ಲಿ ಎಲ್ಲರೂ ಸೇತುವೆ ಏರಿದ್ದಾರೆ, ಸೇತುವೆ ಮೇಲೇಳುತ್ತಿದೆ, ಜನರೇಟರ್ ನಿಂತುಹೋಗುತ್ತದೆ. ಯಾರಾದರೂ ಒಬ್ಬರು ಕೆಳಗೆ ಹಾರಿ ಅದನ್ನು ಚಾಲೂ ಮಾಡಬೇಕು. ಹಾರಿದವರು ವಾಪಸು ಬರುವುದಿಲ್ಲ. ಜೊತೆಗೆ ಬಂದ ಚಿತ್ರಕಥೆಯಲ್ಲಿ ಮುದುಕ ಬಿಲ್ ಹಾರಿದರೂ ಆಟದಲ್ಲಿ ಯಾರೆಂಬುದನ್ನು ಆ ಕ್ಷಣದಲ್ಲಿ ಹೆಡ್‌ಸೆಟ್ ಹಾಕಿಕೊಂಡ ನಾಲ್ವರೇ ತೀರ್ಮಾನಿಸಬೇಕಿತ್ತು.

ಟ್ರೆಯಾರ್ಕ್‌ನ ನಾಜಿ ಜಾಂಬಿಗಳ ಹಾದಿ ಬೇರೆ. ಅಲ್ಲಿ ತಂಡವನ್ನು ಹಿಡಿದಿಡುವುದು ದುಡ್ಡು. ‘ನಾಖ್ಟ್ ಡೆರ್ ಉಂಟೋಟೆನ್’ ಎಂಬ ಆ ಪಾಳುಮನೆಯಲ್ಲಿ ಪ್ರತಿಯೊಬ್ಬರಿಗೂ ಒಂದು ಪಿಸ್ತೂಲು, 500 ಅಂಕ. ಗುಂಡು ತಾಗಿದರೆ ಹತ್ತು ಅಂಕ. ಕಿಟಕಿಗೆ ಹಲಗೆ ಮತ್ತೆ ಜಡಿದರೆ ಹಲಗೆಗೆ ಹತ್ತು. ಗೋಡೆಯ ಮೇಲಿನ ಬಂದೂಕಿಗೂ ಮುಚ್ಚಿದ ಬಾಗಿಲಿಗೂ ಬೆಲೆ ಇದೆ. ಯಾವ ಬಂದೂಕು ಬರುತ್ತದೋ ಗೊತ್ತಿಲ್ಲದ ಅದೃಷ್ಟದ ಪೆಟ್ಟಿಗೆ ತೆರೆಯಲು 950. ಬಾಗಿಲಿಗೆ ಯಾರು ಖರ್ಚು ಮಾಡಬೇಕು? ಬೇಗ ತೆರೆದರೆ ಜಾಂಬಿಗಳಿಗೂ ಹೊಸ ದಾರಿ. ತಡಮಾಡಿದರೆ ಮೂಲೆಗೆ ಸಿಕ್ಕಿಬೀಳುವುದು ಖಚಿತ. ಒಟ್ಟಿಗೆ ನಿಂತವರು ಒಳಗೊಳಗೇ ಪೈಪೋಟಿಯನ್ನೂ ನಡೆಸುತ್ತಿದ್ದರು, ಏಕೆಂದರೆ ಸತ್ತ ಪ್ರತಿ ಜಾಂಬಿಯ ಅಂಕ ಒಬ್ಬರಿಗಷ್ಟೇ ಸೇರುತ್ತದೆ. ಆಟಕ್ಕೆ ಗೆಲುವೂ ಇರಲಿಲ್ಲ. ಎಷ್ಟನೇ ಸುತ್ತಿನವರೆಗೆ ಉಳಿದಿರಿ ಎಂಬುದೊಂದೇ ಲೆಕ್ಕ.

ಕಥೆ ಮುಗಿಸಿದವರಿಗೆ ಕೊಟ್ಟ ಈ ಉಡುಗೊರೆ ಕಥೆಯನ್ನೇ ಮೀರಿ ಬೆಳೆಯಿತು. 2009ರ ‘ಶಿ ನೋ ನುಮಾ’ ಎಂಬ ನಕ್ಷೆಯಿಂದ ಅಮೆರಿಕದ, ರಷ್ಯದ, ಜಪಾನ್‌ನ, ಜರ್ಮನಿಯ ಒಬ್ಬೊಬ್ಬ ಯೋಧರು ಸೇರಿದ ನಾಲ್ವರ ತಂಡ ಬಂತು; ಮಹಾಯುದ್ಧದ ವೈರಿಗಳೆಲ್ಲ ಒಂದೇ ಗೂಡಿನಲ್ಲಿ. 2010ರ ‘ಬ್ಲ್ಯಾಕ್ ಆಪ್ಸ್’ನಲ್ಲಿ ಪೆಂಟಗನ್ ಒಳಗೆ ಕೆನಡಿ, ನಿಕ್ಸನ್, ಮೆಕ್‌ನಮಾರಾ ಮತ್ತು ಕ್ಯಾಸ್ಟ್ರೊ ಬೆನ್ನಿಗೆ ಬೆನ್ನು ಕೊಟ್ಟು ಗುಂಡು ಹಾರಿಸಿದರು. 2011ರ ‘ಕಾಲ್ ಆಫ್ ದ ಡೆಡ್’ನಲ್ಲಿ ಹಿಮದ ತೀರದಲ್ಲಿ ನಟನಟಿಯರನ್ನು ಅಟ್ಟಿಸಿಕೊಂಡು ಬರುವ ಕೊಲ್ಲಲಾಗದ ಜಾಂಬಿ ಬೇರೆ ಯಾರೂ ಅಲ್ಲ, ಸ್ವತಃ ಜಾರ್ಜ್ ರೊಮೆರೊ. ತಮ್ಮ ಮೊದಲ ಚಿತ್ರದ ಹಕ್ಕು ಕಳೆದುಕೊಂಡಿದ್ದ ನಿರ್ದೇಶಕರನ್ನು ಆ ಕಲ್ಪನೆಯಿಂದ ಬೆಳೆದ ಉದ್ದಿಮೆ ಹೀಗೆ ಒಳಗೆ ಕರೆದುಕೊಂಡಿತು.

ದೊಡ್ಡ ಕಂಪನಿಗಳ ಈ ಆಟಗಳಿಗೂ ಮೊದಲೇ, 2005ರಲ್ಲಿ, ಅಲೆಕ್ಸ್ ಕ್ವಿಕ್ ಎಂಬವರು ‘ಅನ್‌ರಿಯಲ್ ಟೂರ್ನಮೆಂಟ್ 2004’ಕ್ಕೆ ‘ಕಿಲ್ಲಿಂಗ್ ಫ್ಲೋರ್’ ಎಂಬ ಮಾಡ್ ಮಾಡಿದ್ದರು. ಮಾಡ್ ಎಂದರೆ ಇರುವ ಆಟವನ್ನು ಹವ್ಯಾಸಿಗಳು ಬಿಚ್ಚಿ ಬೇರೆಯೇ ಆಟವಾಗಿ ಕಟ್ಟುವುದು, ಪುಕ್ಕಟೆ ಹಂಚುವುದು. ಜಾರ್ಜಿಯಾ ರಾಜ್ಯದ ಟ್ರಿಪ್‌ವೈರ್ ಇಂಟರ್ಯಾಕ್ಟಿವ್ ಕೂಡ ಒಂದು ಮಾಡ್ ಸ್ಪರ್ಧೆಯಲ್ಲಿ ಗೆದ್ದು ಕಂಪನಿಯಾಗಿದ್ದ ಬಳಗ. ಅದೇ ಈ ಮಾಡನ್ನು ಎತ್ತಿಕೊಂಡು 2009ರ ಮೇ ತಿಂಗಳಲ್ಲಿ ಪೂರ್ಣ ಆಟವಾಗಿ ಮಾರಿತು.

‘ಕಿಲ್ಲಿಂಗ್ ಫ್ಲೋರ್’ ಕಥೆ ನಡೆಯುವುದು ಬ್ರಿಟನ್ನಿನಲ್ಲಿ. ಆರು ಜನ ಆಡಬಹುದು. ಇಲ್ಲಿ ತಂಡವನ್ನು ಕಟ್ಟಿಹಾಕುವುದು ಕಸುಬು. ಒಬ್ಬ ವೈದ್ಯ, ಒಬ್ಬ ಬೆಂಕಿಯವನು, ಒಬ್ಬ ದೂರದ ಗುರಿಕಾರ, ಒಬ್ಬ ಕತ್ತಿ ಹಿಡಿದು ಮುಂದೆ ನಿಲ್ಲುವವನು. ಆಡಿದಷ್ಟೂ ಆ ಕಸುಬಿನಲ್ಲಿ ಕೈ ಪಳಗುತ್ತದೆ. ಔಷಧದ ಸಿರಿಂಜು ತನಗೆ ಚುಚ್ಚಿಕೊಂಡರೆ ಕೊಡುವುದಕ್ಕಿಂತ ಇನ್ನೊಬ್ಬನಿಗೆ ಚುಚ್ಚಿದರೆ ಹೆಚ್ಚು ಜೀವ ಕೊಡುತ್ತದೆ. ಅಲೆಗಳ ನಡುವಿನ ಸಣ್ಣ ಬಿಡುವಿನಲ್ಲಿ ಎಲ್ಲರೂ ಬಂದೂಕಿನ ವ್ಯಾಪಾರಿಯ ಬಳಿಗೆ ಓಡುತ್ತಾರೆ. ಹಣ ಸಾಲದವನ ಮುಂದೆ ಉಳಿದವರು ಪೌಂಡ್ ನೋಟುಗಳ ಕಂತೆ ಎಸೆಯುತ್ತಾರೆ. ಬಾಗಿಲುಗಳನ್ನು ಬೆಸುಗೆ ಹಾಕಿ ಮುಚ್ಚಬಹುದು. ‘ಫ್ಲೆಶ್‌ಪೌಂಡ್’ ಎಂಬ ದೈತ್ಯನಿಗೆ ಯಾರಾದರೂ ಅವಸರದಲ್ಲಿ ಗುಂಡು ಹೊಡೆದರೆ ಅದು ಕೆರಳಿ ಎಲ್ಲರ ಮೇಲೂ ಬೀಳುತ್ತದೆ. ಆದ್ದರಿಂದ ಗುಂಡು ಹಾರಿಸುವ ಮೊದಲು ಮಾತಾಡಿಕೊಳ್ಳಬೇಕು. ಕೊನೆಗೆ ಬರುವ ‘ಪೇಟ್ರಿಯಾರ್ಕ್’ ಪೆಟ್ಟು ತಿಂದರೆ ಓಡಿಹೋಗಿ ಗಾಯ ವಾಸಿಮಾಡಿಕೊಂಡು ಮರಳುತ್ತಾನೆ. ವಾಲ್ವ್‌ನ ಆಟದಲ್ಲಿ ನಾಲ್ವರೂ ಸಮಾನರು. ಯಾರ ಕೈಯಲ್ಲಿ ಯಾವ ಬಂದೂಕು ಎಂಬುದಷ್ಟೇ ವ್ಯತ್ಯಾಸ. ಟ್ರಿಪ್‌ವೈರ್‌ನದು ಹಂಚಿಕೊಂಡ ಕೆಲಸದ ಆಟ: ವೈದ್ಯ ಸತ್ತರೆ ಎಲ್ಲರಿಗೂ ಗೊತ್ತಾಗುತ್ತದೆ.

ಲೆಕ್ಕದಲ್ಲೂ ಈ ಆಟಗಳು ಬೇರೆಬೇರೆ. ‘ವರ್ಲ್ಡ್ ಅಟ್ ವಾರ್’ನಲ್ಲಿ ಒಂದೇ ಹೊತ್ತಿಗೆ ಅಂಗಳದಲ್ಲಿ ಇರಬಲ್ಲ ಜಾಂಬಿಗಳು 24, ಒಂದು ಸತ್ತರೆ ಇನ್ನೊಂದು. ‘ಲೆಫ್ಟ್ 4 ಡೆಡ್ 2’ರಲ್ಲಿ ಸಾಮಾನ್ಯ ಜಾಂಬಿಗಳ ಮಿತಿ 30. ನೂರಾರು ಎಂದು ಆಟಗಾರರಿಗೆ ಅನ್ನಿಸಿದ್ದು ವೇಗದಿಂದ, ಸದ್ದಿನಿಂದ, ನಾಲ್ಕೂ ಕಡೆಯಿಂದ ಬರುತ್ತಿದ್ದುದರಿಂದ. 2019ರ ಏಪ್ರಿಲ್‌ನಲ್ಲಿ ಸೇಬರ್ ಇಂಟರ್ಯಾಕ್ಟಿವ್ ತಂದ ‘ವರ್ಲ್ಡ್ ವಾರ್ ಝಡ್’ ಈ ಮಿತಿಯನ್ನು ಒಡೆದು, ನೂರಾರು ಜಾಂಬಿಗಳನ್ನು ಪರದೆಗೆ ತಂದಿತು. 2013ರ ಅದೇ ಹೆಸರಿನ ಸಿನಿಮಾದಲ್ಲಿ ಕಂಡಂತೆ ಅವು ಒಂದರ ಮೇಲೊಂದು ಹತ್ತಿ, ಗೋಪುರವಾಗಿ ಬೆಳೆದು, ಗೋಡೆ ದಾಟುತ್ತವೆ. ಆಗ ತಲೆಗೆ ಗುರಿಯಿಡುವುದರಿಂದ ಪ್ರಯೋಜನವಿಲ್ಲ, ಗೋಪುರದ ಬುಡಕ್ಕೇ ಹೊಡೆದು ಕೆಡವಬೇಕು. ನ್ಯೂಯಾರ್ಕ್, ಜೆರುಸಲೇಂ, ಮಾಸ್ಕೊ, ಟೋಕಿಯೊ ಎಂದು ಊರೂರು ಸುತ್ತುವ ಈ ಆಟದ ಉಳಿದ ಬಹುತೇಕ ಅಂಗಗಳು, ಹಾರಿ ಹಿಡಿಯುವವರಿಂದ ಹಿಡಿದು ನಾಲ್ವರ ಲೆಕ್ಕದವರೆಗೆ, ವಾಲ್ವ್‌ನಿಂದ ಬಂದವು.

ಈ ಇತಿಹಾಸದ ಒಂದು ಕವಲು ಬೆಂಗಳೂರಿಗೂ ಬಂದಿದೆ. ಸ್ವೀಡನ್ನಿನ ಓವರ್‌ಕಿಲ್ ತಂಡ 2011ರಲ್ಲಿ ‘ಪೇಡೇ: ದ ಹೈಸ್ಟ್’ ಮಾಡಿತು. ನಾಲ್ವರು ದರೋಡೆಕೋರರು, ಜಾಂಬಿಗಳ ಜಾಗದಲ್ಲಿ ಅಲೆಅಲೆಯಾಗಿ ಬರುವ ಪೊಲೀಸರು. ಋಣ ಎಷ್ಟು ಬಹಿರಂಗವಾಗಿತ್ತೆಂದರೆ ಮರುವರ್ಷ ವಾಲ್ವ್ ಜೊತೆಗೂಡಿ, ‘ಲೆಫ್ಟ್ 4 ಡೆಡ್’ನ ಮರ್ಸಿ ಆಸ್ಪತ್ರೆಯನ್ನೇ ದೋಚುವ ಒಂದು ಅಧ್ಯಾಯ ಹೊರತಂದರು. ‘ಪೇಡೇ’ಯ ಎರಡನೇ ಭಾಗ ಭಾರಿ ಗೆದ್ದಿತು. ಮಾತೃಸಂಸ್ಥೆ ಸ್ಟಾರ್‌ಬ್ರೀಜ್ ಆ ಬಲದ ಮೇಲೆ ಎಲ್ಲೆಡೆ ಕೈಚಾಚಿತು. 1997ರಲ್ಲಿ ರಾಜೇಶ್ ರಾವ್ ಬೆಂಗಳೂರಿನಲ್ಲಿ ಕಟ್ಟಿದ, ಭಾರತದ ಗೇಮ್ ಉದ್ದಿಮೆಯ ಮೊದಲಿಗರಲ್ಲಿ ಒಂದಾದ ಧ್ರುವ ಇಂಟರ್ಯಾಕ್ಟಿವ್‌ನ ಶೇ 90ರಷ್ಟು ಪಾಲನ್ನು 2016ರ ಕೊನೆಗೆ 85 ಲಕ್ಷ ಡಾಲರ್‌ಗೆ ಕೊಂಡಿತು. ಹೊರದೇಶಗಳ ದೊಡ್ಡ ಆಟಗಳಿಗೆ ಕಾರು, ಕಟ್ಟಡ, ಪಾತ್ರಗಳ ಚಿತ್ರಗಳನ್ನು ಮಾಡಿಕೊಡುವುದು ಧ್ರುವದ ಕಸುಬಾಗಿತ್ತು.

2018ರ ನವೆಂಬರ್ 6ರಂದು ‘ಓವರ್‌ಕಿಲ್ಸ್ ದ ವಾಕಿಂಗ್ ಡೆಡ್’ ಬಂತು. ವಾಷಿಂಗ್ಟನ್ ನಗರ, ನಾಲ್ವರು ಬದುಕುಳಿದವರು. ಇಲ್ಲಿ ಕಟ್ಟಿಹಾಕುವ ಉಪಾಯ ಸದ್ದು. ಗುಂಡು ಹೊಡೆದಷ್ಟೂ ಪರದೆಯ ಮೇಲಿನ ಸದ್ದಿನ ಅಳತೆ ಏರುತ್ತದೆ. ಏರಿದಷ್ಟೂ ಹಿಂಡು ದೊಡ್ಡದು. ಒಬ್ಬನ ಅವಸರಕ್ಕೆ ನಾಲ್ವರೂ ಬೆಲೆ ತೆರುತ್ತಾರೆ. ಉಪಾಯ ಚೆನ್ನಾಗಿತ್ತು, ಆಟ ಸೋತಿತು. ವರ್ಷಗಟ್ಟಲೆ ತಡವಾಗಿ, ನಡುವೆ ಆಟದ ಎಂಜಿನ್ನನ್ನೇ ಬದಲಿಸಿ ಬಂದದ್ದಕ್ಕೆ ವಿಮರ್ಶಕರ ಮೆಚ್ಚುಗೆಯೂ ಸಿಗಲಿಲ್ಲ, ನಿರೀಕ್ಷಿಸಿದ ಮಾರಾಟವೂ ಆಗಲಿಲ್ಲ. ತಿಂಗಳು ತುಂಬುವುದರೊಳಗೆ ಸ್ಟಾರ್‌ಬ್ರೀಜ್ ನ್ಯಾಯಾಲಯದಲ್ಲಿ ಪುನರ್ರಚನೆಗೆ ಅರ್ಜಿ ಹಾಕಿತು. ‘ದ ವಾಕಿಂಗ್ ಡೆಡ್’ ಕಥೆಯ ಹಕ್ಕುದಾರರು ಪರವಾನಗಿ ಹಿಂಪಡೆದರು. ಸಾಲ ತೀರಿಸಲು ಆಸ್ತಿ ಮಾರುವ ಸರದಿ ಬಂದಾಗ, 2019ರ ಮೇ ತಿಂಗಳಲ್ಲಿ ಧ್ರುವವನ್ನು 79 ಲಕ್ಷ ಡಾಲರ್‌ಗೆ ರಾಕ್‌ಸ್ಟಾರ್ ಗೇಮ್ಸ್ ಕೊಂಡು, ಬೆಂಗಳೂರಿನಲ್ಲಿ ಆಗಲೇ ಇದ್ದ ತನ್ನ ಶಾಖೆಯೊಂದಿಗೆ ಸೇರಿಸಿಕೊಂಡಿತು. ಸೋತ ಒಂದು ಜಾಂಬಿ ಆಟದ ಹೊಡೆತಕ್ಕೆ ಬೆಂಗಳೂರಿನ ಹಿರಿಯ ಗೇಮ್ ಸ್ಟುಡಿಯೊ ಕೈ ಬದಲಾಯಿಸಿ, ‘ಗ್ರ್ಯಾಂಡ್ ಥೆಫ್ಟ್ ಆಟೊ’ ಮಾಡುವವರ ಮನೆ ಸೇರಿತು.

ಕರ್ನಾಟಕವೂ ಸೇರಿ ಭಾರತದ ಬಹುಪಾಲು ಹುಡುಗರಿಗೆ ಈ ಬಗೆಯ ಆಟದ ಪರಿಚಯವಾದದ್ದು ಕಂಪ್ಯೂಟರ್‌ನಲ್ಲಿ ಅಲ್ಲ, ಫೋನಿನಲ್ಲಿ. 2019ರ ಫೆಬ್ರುವರಿಯಲ್ಲಿ ‘ಪಬ್‌ಜಿ ಮೊಬೈಲ್’, ‘ರೆಸಿಡೆಂಟ್ ಈವಿಲ್ 2’ ಜೊತೆಗೂಡಿ ಜಾಂಬಿ ವಿಭಾಗ ತಂದಿತು. ಅದೇ ವರ್ಷದ ನವೆಂಬರ್‌ನಲ್ಲಿ ‘ಕಾಲ್ ಆಫ್ ಡ್ಯೂಟಿ ಮೊಬೈಲ್’ನೊಳಗೆ ‘ಶಿ ನೋ ನುಮಾ’ದ ಜೌಗು ತೆರೆಯಿತು, ಮರುವರ್ಷ ಅದನ್ನು ತೆಗೆದುಹಾಕಲಾಯಿತು. 2020ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರ್ಕಾರ ಪಬ್‌ಜಿ ಮೊಬೈಲನ್ನೇ ನಿಷೇಧಿಸಿತು.

ಟರ್ಟಲ್ ರಾಕ್ ಏನಾಯಿತು? ವಾಲ್ವ್‌ನಿಂದ ಬೇರ್ಪಟ್ಟು 2010ರಲ್ಲಿ ಮತ್ತೆ ಸ್ವತಂತ್ರವಾದ ತಂಡ, 2021ರ ಅಕ್ಟೋಬರ್‌ನಲ್ಲಿ ‘ಬ್ಯಾಕ್ 4 ಬ್ಲಡ್’ ತಂದಿತು. ಹೆಸರಿನಲ್ಲೇ ಹಳೆಯ ನೆಂಟಸ್ತನ. ಇಲ್ಲಿ ಪ್ರತಿ ಆಟಗಾರನೂ ಮೊದಲೇ ಜೋಡಿಸಿಟ್ಟ ಇಸ್ಪೀಟಿನಂಥ ಕಾರ್ಡ್‌ಗಳಿಂದ ತನ್ನ ಶಕ್ತಿ ಆರಿಸಿಕೊಳ್ಳಬೇಕು. ಡೈರೆಕ್ಟರ್ ಕೂಡ ಎದುರಿನಿಂದ ಕಾರ್ಡ್ ಹಾಕುತ್ತದೆ. ಆಳವಿತ್ತು, ಆದರೆ ಸಂಜೆ ಅರ್ಧ ಗಂಟೆ ಸಿಕ್ಕಿದವರು ಓದಿಕೊಂಡು ಬರಬೇಕಾದ ಪಾಠವೂ ಹೆಚ್ಚಿತು. ಕಥಾ ಅಧ್ಯಾಯಗಳಲ್ಲಿ ಒಂದು ತಂಡ ಮನುಷ್ಯರಾಗಿ, ಇನ್ನೊಂದು ಜಾಂಬಿಗಳಾಗಿ ಆಡುವ ಹಳೆಯ ಸೌಲಭ್ಯ ಇಲ್ಲದ್ದು ಹಳಬರನ್ನು ಕೆಣಕಿತು. 2023ರಲ್ಲಿ ತಂಡ ಹೊಸ ಭಾಗಗಳನ್ನು ನಿಲ್ಲಿಸಿ ಮುಂದಿನ ಆಟಕ್ಕೆ ಹೊರಳಿತು. ಇತ್ತ 2009ರ ‘ಲೆಫ್ಟ್ 4 ಡೆಡ್ 2’ ವಾಲ್ವ್‌ನ ಆನ್‌ಲೈನ್ ಗೇಮ್ ಅಂಗಡಿ ಸ್ಟೀಮ್‌ನಲ್ಲಿ ಅದಕ್ಕಿಂತ ಹೆಚ್ಚು ಆಟಗಾರರನ್ನು ಉಳಿಸಿಕೊಂಡಿತ್ತು. ವಾಲ್ವ್ ಬಾಗಿಲು ತೆರೆದಿಟ್ಟಿದ್ದರಿಂದ ಹವ್ಯಾಸಿಗಳು ಸಾವಿರಾರು ಹೊಸ ಊರು, ಹೊಸ ಮುಖಗಳನ್ನು ಸೇರಿಸುತ್ತಲೇ ಇದ್ದರು. 2020ರ ಸೆಪ್ಟೆಂಬರ್‌ನಲ್ಲಿ ಅಧಿಕೃತವಾಗಿ ಬಂದ ‘ದ ಲಾಸ್ಟ್ ಸ್ಟ್ಯಾಂಡ್’ ಎಂಬ ಇಡೀ ಅಧ್ಯಾಯ ಆಟಗಾರರೇ ಮಾಡಿದ್ದು.

ಟ್ರಿಪ್‌ವೈರ್‌ನ ‘ಕಿಲ್ಲಿಂಗ್ ಫ್ಲೋರ್ 3’ 2025ರ ಮಾರ್ಚ್‌ನಲ್ಲಿ ಬರಬೇಕಿತ್ತು. ಅದಕ್ಕೂ ಮುನ್ನ ನಡೆದ ಪರೀಕ್ಷಾರ್ಥ ಆಟದಲ್ಲಿ ಹಳೆಯ ಅಭಿಮಾನಿಗಳ ಒಂದು ದೊಡ್ಡ ತಕರಾರು, ಪ್ರತಿ ಕಸುಬನ್ನೂ ಒಂದೊಂದು ನಿಗದಿತ ಪಾತ್ರಕ್ಕೆ ಗಂಟುಹಾಕಿದ್ದರ ಬಗ್ಗೆ. ವೈದ್ಯನಾಗಬೇಕೆಂದರೆ ಇಂಥದ್ದೇ ಮುಖ ಹಾಕಿಕೊಳ್ಳಬೇಕೇಕೆ ಎಂಬುದು ಅವರ ಪ್ರಶ್ನೆ. ಟ್ರಿಪ್‌ವೈರ್ ಬಿಡುಗಡೆಯನ್ನು ಮುಂದೂಡಿತು. ಜುಲೈ 24ರಂದು ಆಟ ಬಂತು. ಆಡುವವರ ಲೆಕ್ಕ ಈಗಲೂ ಆರು.